ಕಂಡೂ ಕಾಣದ ಕಣ್ಣು

'ಟು ಟರ್ನ್ ಎ ಬ್ಲೈಂಡ್ ಐ' ಎಂಬುದು ಇಂಗ್ಲಿಷಿನ ದಿನಬಳಕೆಯ ನುಡಿಗಟ್ಟು. ತಪ್ಪು ನಡೆಯುತ್ತಿದೆಯೆಂದು ಗೊತ್ತಿದ್ದೂ ಗೊತ್ತಿಲ್ಲದವರಂತೆ ಇದ್ದುಬಿಡುವುದು ಎಂದು ಇದರ ಅರ್ಥ. ನಿಜವಾಗಿಯೂ ಕಾಣದೆ ಹೋದವನಿಗೆ ಈ ಮಾತು ಸಲ್ಲದು. ಕಂಡಿರಬೇಕು, ಕಂಡದ್ದನ್ನು ಕಾಣೆನೆನ್ನಬೇಕು. ಆಗಲೇ ಇದರ ಪ್ರಯೋಗ ಸರಿ.

ಈ ಮಾತಿನೊಡನೆ ಹೆಣೆದುಕೊಂಡಿರುವ ಕಥೆ ಬ್ರಿಟನ್ನಿನ ನೌಕಾ ಸೇನಾನಿ ಹೊರೇಷಿಯೋ ನೆಲ್ಸನ್‌ನದು. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿ ಮುತ್ತಿಗೆಯ ವೇಳೆ ಅವನ ಬಲಗಣ್ಣಿಗೆ ಪೆಟ್ಟು ಬಿದ್ದು ದೃಷ್ಟಿ ಹೋಯಿತು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಬಂದರಿನೆದುರು ಡೆನ್ಮಾರ್ಕಿನವರೊಡನೆ ಕದನ ನಡೆಯಿತು. ಮುಂದೆ ನಿಂತು ಹೋರಾಡುತ್ತಿದ್ದವನು ನೆಲ್ಸನ್. ಮೇಲಧಿಕಾರಿ ಸರ್ ಹೈಡ್ ಪಾರ್ಕರ್ ದೂರದಲ್ಲಿದ್ದ. ನೆಲ್ಸನ್‌ನ ಮೂರು ಹಡಗುಗಳು ಆಳವಿಲ್ಲದ ನೀರಿನಲ್ಲಿ ನೆಲಕಚ್ಚಿದ್ದವು. ಸೋಲಾದೀತೆಂದು ಅಂಜಿದ ಪಾರ್ಕರ್, ಕಾಳಗ ನಿಲ್ಲಿಸಲು ಬಾವುಟದ ಸಂಕೇತ ಏರಿಸಿದ. ತನಗಿರುವುದು ಒಂದೇ ಕಣ್ಣು, ಆಗಾಗ ಕುರುಡನಾಗುವ ಹಕ್ಕು ತನಗುಂಟು ಎಂದು ನೆಲ್ಸನ್ ಪಕ್ಕದಲ್ಲಿದ್ದ ಕ್ಯಾಪ್ಟನ್ ಫೋಲಿಗೆ ಹೇಳಿದನಂತೆ. ದುರ್ಬೀನನ್ನು ಕಾಣದ ಕಣ್ಣಿಗೆ ಹಿಡಿದು, ಸಂಕೇತವೇ ಕಾಣುತ್ತಿಲ್ಲ ಎಂದನಂತೆ! ಕದನ ಮುಂದುವರಿದು ಗೆಲುವು ದೊರೆಯಿತು. ಮರುತಿಂಗಳು ಪಾರ್ಕರನನ್ನು ಹಿಂದಕ್ಕೆ ಕರೆಸಿ, ನಾಯಕತ್ವವನ್ನು ನೆಲ್ಸನ್‌ಗೆ ವಹಿಸಲಾಯಿತು.

ಅದೇ ಸಂಕೇತವನ್ನು ಪಾಲಿಸಿದವನೊಬ್ಬನೂ ಇದ್ದ. ಕ್ಯಾಪ್ಟನ್ ಎಡ್ವರ್ಡ್ ರಿಯೂ ಆಜ್ಞೆಯಂತೆ ಹಡಗನ್ನು ಹಿಂದಿರುಗಿಸುತ್ತಿದ್ದಾಗಲೇ ಫಿರಂಗಿ ಗುಂಡು ತಗುಲಿ ಸತ್ತ. ನುಡಿಗಟ್ಟಿನ ಕಥೆ ಹೇಳುವವರು ಅವನನ್ನು ನೆನೆಯುವುದು ಕಡಿಮೆ.

ದುರ್ಬೀನಿನ ಪ್ರಸಂಗ ಎಷ್ಟು ನಿಜವೆಂಬುದರಲ್ಲಿ ಇತಿಹಾಸಕಾರರಿಗೆ ಅನುಮಾನವಿದೆ. ಹಿಂದೆಗೆಯುವ ತೀರ್ಮಾನವನ್ನು ಪಾರ್ಕರನೇ ನೆಲ್ಸನ್‌ನ ವಿವೇಚನೆಗೆ ಬಿಟ್ಟಿದ್ದನೆಂಬ ವಾದವೂ ಉಂಟು. ನುಡಿಗಟ್ಟು ನೆಲ್ಸನ್‌ಗಿಂತ ಹಳೆಯದೆಂದು ಹೇಳುವವರೂ ಇದ್ದಾರೆ. ಆದರೂ ಅದನ್ನು ಜನರ ನಾಲಗೆಯ ಮೇಲೆ ನಿಲ್ಲಿಸಿದ್ದು ಈ ಕಥೆಯೇ. ನ್ಯಾಯಾಲಯಕ್ಕೂ ಅದು ಒದಗಿಬಂದಿದೆ. 2001ರಲ್ಲಿ ಹಡಗಿನ ವಿಮೆಯ ಮೊಕದ್ದಮೆಯೊಂದರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಮೂರ್ತಿಯೊಬ್ಬರು, ಬೇಕೆಂದೇ ತಿಳಿದುಕೊಳ್ಳದಿರುವುದು ಎಂದರೇನೆಂದು ವಿವರಿಸಲು ನೆಲ್ಸನ್‌ನ ದುರ್ಬೀನನ್ನೇ ನೆನೆದರು.

ಇದನ್ನು ಕನ್ನಡಕ್ಕೆ ತರುವಾಗ 'ಕುರುಡುಗಣ್ಣು ತಿರುಗಿಸಿದರು' ಎಂದು ಬರೆದು ಓದುಗರನ್ನು ನಗಿಸಬೇಕಾಗಿಲ್ಲ. 'ಜಾಣಕುರುಡು' ಎಂಬ ಸೊಗಸಾದ ಮಾತು ನಮ್ಮಲ್ಲೇ ಇದೆ. ಇಂಗ್ಲಿಷಿನವರು ಕಣ್ಣನ್ನಷ್ಟೇ ಹೆಸರಿಸಿದರು. ನಾವು ಅದರ ಹಿಂದಿರುವ ಜಾಣತನವನ್ನೂ ಹಿಡಿದೆವು.

ಒಂದು ವ್ಯತ್ಯಾಸ ಮಾತ್ರ ಮರೆಯುವಂತಿಲ್ಲ. ನೆಲ್ಸನ್ ಸೋತಿದ್ದರೆ ಆಜ್ಞೆ ಮೀರಿದ ಹೊಣೆ ಅವನ ಕೊರಳಿಗೇ ಬೀಳುತ್ತಿತ್ತು. ಕೆರೆಯಂಗಳ ಕಣ್ಣೆದುರೇ ಒತ್ತುವರಿಯಾಗುವಾಗ ಕಾಣದವರಂತಿರುವ ಜಾಣಕುರುಡರು ಕಳೆದುಕೊಳ್ಳುವುದೇನೂ ಇಲ್ಲ. ಮಳೆ ಬಂದಾಗ ನೀರು ನುಗ್ಗುವುದು ಬೇರೆಯವರ ಮನೆಗೆ.