ಬೆರಳೆತ್ತಿ ನಿಂತ ಹುಡುಗ, 671 ಹಕ್ಕಿ

1973ನೇ ಇಸವಿಯುದ್ದಕ್ಕೂ ಅಮೆರಿಕದ ಹೆದ್ದಾರಿಗಳ ಬದಿಯಲ್ಲಿ ಒಬ್ಬ ಹುಡುಗ ಹೆಬ್ಬೆರಳೆತ್ತಿ ನಿಂತಿರುತ್ತಿದ್ದ. ಕೊರಳಲ್ಲಿ ಬೈನಾಕ್ಯುಲರ್. ಯಾರಾದರೂ ಗಾಡಿ ನಿಲ್ಲಿಸಿದರೆ ಹತ್ತಿ ಕೂರುವುದು, ಇಳಿಸಿದಲ್ಲಿ ಇಳಿಯುವುದು, ಮತ್ತೆ ಬೆರಳೆತ್ತುವುದು. ಊಟದ ಖರ್ಚು ಉಳಿಸಲು ಬೆಕ್ಕಿಗೆ ಹಾಕುವ ಒಣ ತಿಂಡಿ ತಿನ್ನುತ್ತಿದ್ದ. ಕೈ ತೀರಾ ಬರಿದಾದಾಗ ರಕ್ತದ ಪ್ಲಾಸ್ಮಾ ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದ. ಹಾಗೆಂದು ಮನೆ ಬಿಟ್ಟು ಓಡಿಹೋದವನಲ್ಲ, ಅಪ್ಪ ಅಮ್ಮನಿಗೆ ಹೇಳಿ ಒಪ್ಪಿಸಿಯೇ ಹೊರಟವನು. ಒಂದೇ ವರ್ಷದಲ್ಲಿ ತನ್ನ ಖಂಡದ ಎಷ್ಟು ಜಾತಿಯ ಹಕ್ಕಿಗಳನ್ನು ನೋಡಲು ಸಾಧ್ಯವೋ ಅಷ್ಟನ್ನೂ ನೋಡಿಬಿಡಬೇಕೆಂಬುದು ಅವನ ಹಟ. ಹೆಸರು ಕೆನ್ ಕಾಫ್‌ಮನ್. ಈ ಲೇಖನ ಬರೆಯಲು ಕೂತದ್ದೇ ಅವನಿಗಾಗಿ.

ಅಮೆರಿಕದ ಹಕ್ಕಿಪ್ರಿಯರು ಈ ಹಟವನ್ನು ‘ಬಿಗ್ ಇಯರ್’ ಎಂದು ಕರೆಯುತ್ತಾರೆ. ಜನವರಿ 1ಕ್ಕೆ ಶುರು, ಡಿಸೆಂಬರ್ 31ರ ನಡುರಾತ್ರಿಗೆ ಮುಕ್ತಾಯ. ಹಕ್ಕಿ ಜೀವಂತವಾಗಿರಬೇಕು, ಸ್ವತಂತ್ರವಾಗಿರಬೇಕು. ಪಂಜರದ್ದು, ಸಾಕಿದ್ದು ಲೆಕ್ಕಕ್ಕಿಲ್ಲ. ಈಗಿನ ನಿಯಮದಂತೆ ಕಣ್ಣಿಗೆ ಬೀಳದಿದ್ದರೂ ಕೂಗು ಕೇಳಿ ಖಚಿತವಾಗಿ ಗುರುತು ಹಿಡಿದರೆ ಸಾಕು. ಪಕ್ಕದಲ್ಲಿ ನಿಂತು ನೋಡುವ ತೀರ್ಪುಗಾರರಿಲ್ಲ, ಬಹುಮಾನದ ಹಣವೂ ಇಲ್ಲ. ಬರೆದವರ ಮಾತನ್ನು ಉಳಿದವರು ನಂಬಬೇಕು. ಒಮ್ಮೆ ಸುಳ್ಳು ಬರೆದು ಸಿಕ್ಕಿಬಿದ್ದವರು ಆ ವಲಯದಲ್ಲಿ ಮತ್ತೆ ತಲೆ ಎತ್ತುವುದು ಕಷ್ಟ. ಇನ್ನೊಂದು ನಿಯಮವಿದೆ: ಒಂದು ಜಾತಿಗೆ ಒಂದೇ ಗುರುತು. ಗುಬ್ಬಚ್ಚಿಯನ್ನು ಜನವರಿಯಲ್ಲಿ ಒಮ್ಮೆ ನೋಡಿ ಬರೆದರೆ ಮುಗಿಯಿತು, ಉಳಿದ ವರ್ಷವೆಲ್ಲ ಗುಬ್ಬಚ್ಚಿಗೆ ಆ ಪಟ್ಟಿಯಲ್ಲಿ ಕೆಲಸವಿಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಈ ಮಾತಿಗೆ ಬರುತ್ತೇನೆ.

ಹಿಂದಿನ ಕತೆ ಚಿಕ್ಕದು. 1939ರಲ್ಲಿ ಗೈ ಎಮರ್ಸನ್ ಎಂಬ ಬ್ಯಾಂಕ್ ಅಧಿಕಾರಿ ಕಚೇರಿ ಕೆಲಸದ ಪ್ರವಾಸಗಳನ್ನು ಹಕ್ಕಿಗಳ ವಲಸೆಯ ಕಾಲಕ್ಕೆ ಹೊಂದಿಸಿಕೊಂಡು 497 ಜಾತಿ ನೋಡಿದರು. 1953ರಲ್ಲಿ ಹಕ್ಕಿ ಕೈಪಿಡಿಗಳಿಂದ ಪ್ರಸಿದ್ಧರಾಗಿದ್ದ ರೋಜರ್ ಟೋರಿ ಪೀಟರ್‌ಸನ್, ಬ್ರಿಟನ್ನಿನ ಗೆಳೆಯ ಜೇಮ್ಸ್ ಫಿಶರ್ ಜೊತೆ ಖಂಡವಿಡೀ ಸುತ್ತಿದರು. ಆ ಪ್ರವಾಸದ ಕಥನ ‘ವೈಲ್ಡ್ ಅಮೆರಿಕ’ದ ಒಂದು ಅಡಿಟಿಪ್ಪಣಿಯಲ್ಲಿ ಆ ವರ್ಷದ ತಮ್ಮ ಲೆಕ್ಕ 572 ಎಂದು ಸೇರಿಸಿದರು. ಒಂದು ಅಡಿಟಿಪ್ಪಣಿ ಎಷ್ಟು ಜನರ ನಿದ್ದೆ ಕೆಡಿಸಬಲ್ಲದು ನೋಡಿ! 1956ರಲ್ಲಿ ಸ್ಟುವರ್ಟ್ ಕೀತ್ ಎಂಬ ಇಂಗ್ಲಿಷ್ ತರುಣ 598ಕ್ಕೆ ಮುಟ್ಟಿಸಿದರು. 1971ರಲ್ಲಿ ಟೆಡ್ ಪಾರ್ಕರ್ ಎಂಬ ಹದಿನೆಂಟರ ಹುಡುಗ 626 ಮಾಡಿದ. ಈ ಪಾರ್ಕರ್ ಮುಂದೆ ದಕ್ಷಿಣ ಅಮೆರಿಕದ ಕಾಡುಗಳ ಸಾವಿರಾರು ಹಕ್ಕಿಗಳನ್ನು ಕೂಗಿನಿಂದಲೇ ಗುರುತಿಸುವ ವಿಜ್ಞಾನಿಯಾಗಿ ಬೆಳೆದು, 1993ರಲ್ಲಿ ಈಕ್ವೆಡಾರಿನಲ್ಲಿ ಕಾಡಿನ ಸಮೀಕ್ಷೆ ಮಾಡುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಪಾರ್ಕರ್‌ನ 626ರ ಸುದ್ದಿಯೇ ಕಾಫ್‌ಮನ್‌ನ ತಲೆಯಲ್ಲಿ ಹೊಕ್ಕಿತು. ಅವನು ಬೆಳೆದದ್ದು ಕಾನ್ಸಾಸ್ ರಾಜ್ಯದ ವಿಚಿಟಾ ಊರಿನಲ್ಲಿ. ಆರು ವರ್ಷಕ್ಕೇ ಹಕ್ಕಿ ಹುಚ್ಚು ಹತ್ತಿತ್ತು. ಶಾಲೆಯಲ್ಲಿ ದಡ್ಡನೂ ಅಲ್ಲ, ಪುಂಡನೂ ಅಲ್ಲ, ವಿದ್ಯಾರ್ಥಿ ಮಂಡಳಿಯ ಅಧ್ಯಕ್ಷನಾಗಿದ್ದವನು. ಆದರೂ ಹದಿನಾರಕ್ಕೆ ಶಾಲೆ ಬಿಟ್ಟು ರಸ್ತೆಗಿಳಿದ. ಮಗನ ಹುಚ್ಚು ಯಾವ ದರ್ಜೆಯದು ಎಂದು ಅರಿತು ಹೋಗಿಬಾ ಎಂದ ಆ ತಂದೆ ತಾಯಿಯ ಧೈರ್ಯವನ್ನು ನಾನು ಮಗನ ಧೈರ್ಯಕ್ಕಿಂತ ಒಂದು ಕೈ ಹೆಚ್ಚೇ ಎನ್ನುತ್ತೇನೆ.

ಆಗ ಮೊಬೈಲ್ ಇಲ್ಲ, ಇಂಟರ್‌ನೆಟ್ ಇಲ್ಲ. ಟೆಕ್ಸಾಸಿನಲ್ಲಿ ಅಪರೂಪದ ಹಕ್ಕಿಯೊಂದು ಇಳಿದಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ, ಕಾಗದದಲ್ಲಿ, ಫೋನಿನಲ್ಲಿ ದಾಟಿ ಇವನನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಯಾರದೋ ಗಾಡಿ ಹತ್ತಿ ಇವನು ಅಲ್ಲಿಗೆ ತಲುಪಬೇಕು, ಅಷ್ಟರವರೆಗೆ ಹಕ್ಕಿ ಅಲ್ಲೇ ಇರಬೇಕು. ಎಷ್ಟೋ ಕಡೆ ಆಯಾ ಊರಿನ ಹಕ್ಕಿಪ್ರಿಯರೇ ಜಾಗ ತೋರಿಸಿದರು. ಎಲ್ಲಿ ಕತ್ತಲಾಯಿತೋ ಅಲ್ಲೇ ಮಲಗಿ, ಫ್ಲಾರಿಡಾದ ಕಡಲಂಚಿನಿಂದ ಅಲಾಸ್ಕದ ಚಳಿಯವರೆಗೆ ಅವನು ವರ್ಷವಿಡೀ ಓಡಾಡಿದ. ಇಷ್ಟಕ್ಕೂ ಅವನಿಗೆ ತಗುಲಿದ ಖರ್ಚು 1,000 ಡಾಲರಿಗಿಂತ ಕಡಿಮೆ.

ಅದೇ ವರ್ಷ ಇನ್ನೊಬ್ಬರೂ ಇದೇ ಹಾದಿ ಹಿಡಿದಿದ್ದರು. ಫ್ಲಾಯ್ಡ್ ಮರ್ಡೋಕ್ ಎಂಬ ಸಂಶೋಧನಾ ವಿದ್ಯಾರ್ಥಿ ತಮ್ಮ ಅಧ್ಯಯನಕ್ಕಾಗಿ ಊರೂರು ಸುತ್ತುತ್ತ ಹಕ್ಕಿಗಳನ್ನೂ ಲೆಕ್ಕ ಹಾಕುತ್ತಿದ್ದರು. ವರ್ಷ ಮುಗಿದಾಗ ಕಾಫ್‌ಮನ್‌ನ ಪಟ್ಟಿಯಲ್ಲಿ 671 ಜಾತಿಗಳಿದ್ದವು. ಆದರೆ ಅವುಗಳಲ್ಲಿ ಕೆಲವು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ನೋಡಿದವು. ಆಗಿನ್ನೂ ಎಳೆಯದಾಗಿದ್ದ ಅಮೆರಿಕನ್ ಬರ್ಡಿಂಗ್ ಅಸೋಸಿಯೇಷನ್ ತನ್ನ ಗಡಿಯಿಂದ ಬಾಹಾವನ್ನು ಹೊರಗಿಟ್ಟಿತ್ತು. ಆ ಗಡಿಯೊಳಗೆ ಎಣಿಸಿದರೆ ಮರ್ಡೋಕ್ 669, ಕಾಫ್‌ಮನ್ 666. ಮೂರು ಹಕ್ಕಿಯ ಅಂತರದಲ್ಲಿ ದಾಖಲೆ ಕೈತಪ್ಪಿತು.

1997ರಲ್ಲಿ ಕಾಫ್‌ಮನ್ ಆ ವರ್ಷದ ಕತೆಯನ್ನು ‘ಕಿಂಗ್‌ಬರ್ಡ್ ಹೈವೇ’ ಎಂಬ ಪುಸ್ತಕವಾಗಿ ತಂದರು. ಸೋತ ನೋವು ಆ ಪುಸ್ತಕದ ತಿರುಳಲ್ಲ. ತಿಂಗಳುಗಳು ಕಳೆದಂತೆ ಅವರಿಗೆ ಪಟ್ಟಿಯ ಮೇಲಿನ ಮೋಹ ಇಳಿದು, ಹಕ್ಕಿಯನ್ನು ನಿಂತು ನೋಡುವ ಆಸೆ ಬೆಳೆಯಿತು. ಆ ಆಸೆಯಿಂದಲೇ ಮುಂದೆ ಅವರ ಹಕ್ಕಿ ಕೈಪಿಡಿಗಳು ಬಂದವು. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಲಕ್ಷಾಂತರ ಜನರಿಗೂ ಹಕ್ಕಿಗಳು ದಕ್ಕಲಿ ಎಂದು ತಮ್ಮ ಕೈಪಿಡಿಯನ್ನು ಸ್ಪ್ಯಾನಿಷಿನಲ್ಲೂ ಹೊರತಂದರು. ‘ಹಕ್ಕಿ ಪುಕ್ಕ’ ಬರೆದು ಕನ್ನಡದಲ್ಲೇ ಹಕ್ಕಿ ಗುರುತಿಸಲು ಕಲಿಸಿದ ಪೂರ್ಣಚಂದ್ರ ತೇಜಸ್ವಿಯವರನ್ನು ಬಲ್ಲ ನಮಗೆ ಈ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಈ ಆಟಕ್ಕೆ ದುಡ್ಡು ಹೊಕ್ಕಿತು. 1979ರಲ್ಲಿ ಮಿಸಿಸಿಪ್ಪಿಯ ಉದ್ಯಮಿ ಜೇಮ್ಸ್ ವಾರ್ಡಮನ್ ಪರಿಣತರ ನೆರವು ಪಡೆದು, ವಿಮಾನಗಳಲ್ಲಿ ಹಾರಾಡಿ 700ರ ಗುರಿ ಇಟ್ಟುಕೊಂಡರು, 699ಕ್ಕೆ ನಿಂತರು. 1998ರಲ್ಲಿ ನ್ಯೂಜೆರ್ಸಿಯ ಸ್ಯಾಂಡಿ ಕೊಮಿಟೊ ಎಂಬ ಕಟ್ಟಡ ಗುತ್ತಿಗೆದಾರರ ಲೆಕ್ಕ 748 ಮುಟ್ಟಿತು. ಆ ವರ್ಷ ಅವರ ಜೊತೆ ಪೈಪೋಟಿಗಿಳಿದಿದ್ದ ಇನ್ನಿಬ್ಬರ ಕತೆಯನ್ನೂ ಸೇರಿಸಿ ಮಾರ್ಕ್ ಓಬ್‌ಮಾಸಿಕ್ ಪುಸ್ತಕ ಬರೆದರು, 2011ರಲ್ಲಿ ಅದು ಹಾಲಿವುಡ್ ಸಿನಿಮಾವೂ ಆಯಿತು. 2016ರಲ್ಲಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಜಾನ್ ವೈಗಲ್ 780ನ್ನೂ ದಾಟಿದರು. ದುಡ್ಡಿನ ದಾರಿ ಬೇಡವೆಂದವರೂ ಇದ್ದಾರೆ: 2014ರಲ್ಲಿ ಡೋರಿಯನ್ ಆಂಡರ್‌ಸನ್ ಬರೀ ಸೈಕಲ್ ತುಳಿದು ಅಮೆರಿಕ ಸುತ್ತಿ 618 ಜಾತಿ ನೋಡಿದರು. ಇಷ್ಟು ಜನರಲ್ಲಿ ಕಾಫ್‌ಮನ್ನರ ನಿಜವಾದ ವಾರಸುದಾರರು ಇವರೇ ಎಂಬುದು ನನ್ನ ಅನಿಸಿಕೆ.

ಜಗತ್ತಿನ ಮಟ್ಟದ ಪಟ್ಟಿಯೊಂದು ನಮ್ಮ ನೆರೆಯಲ್ಲೇ ದಾಖಲೆ ಮುರಿಯಿತು. 2015ರಲ್ಲಿ ನೋವಾ ಸ್ಟ್ರೈಕರ್ ಎಂಬ ಅಮೆರಿಕದ ತರುಣ ಏಳೂ ಖಂಡಗಳ 41 ದೇಶ ಸುತ್ತಿದರು. ಪ್ರವಾಸ ಕಂಪನಿಗಳನ್ನು ನೆಚ್ಚದೆ, ಹೋದಲ್ಲೆಲ್ಲ ಸ್ಥಳೀಯ ಹಕ್ಕಿಪ್ರಿಯರ ಜೊತೆಯಲ್ಲೇ ಕಾಡಿಗೆ ಹೋಗುತ್ತಿದ್ದರು. ಬ್ರಿಟನ್ನಿನ ಜೋಡಿಯೊಂದು 2008ರಲ್ಲಿ ಮಾಡಿದ್ದ 4,341ರ ದಾಖಲೆಯನ್ನು ಅವರು ದಾಟಿದ್ದು ಸೆಪ್ಟೆಂಬರಿನಲ್ಲಿ, ಕೇರಳದ ತಟ್ಟೆಕ್ಕಾಡಿನಲ್ಲಿ. ದಾಟಿಸಿದ್ದು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲದ ಒಂದು ಗೂಬೆ, ಶ್ರೀಲಂಕಾ ಬೇ ಔಲ್. ವರ್ಷ ಮುಗಿದಾಗ ಸ್ಟ್ರೈಕರ್ ಪಟ್ಟಿ 6,042ಕ್ಕೆ ಏರಿತ್ತು. ಮರುವರ್ಷವೇ ನೆದರ್ಲೆಂಡ್ಸಿನ ಆರ್ಯನ್ ದ್ವಾರ್ಸ್‌ಹೌಸ್ ಅದನ್ನೂ ಹಿಂದಿಕ್ಕಿದರು.

497, 572, 626, 671, 748, 780. ಸಂಖ್ಯೆ ಏರುತ್ತಲೇ ಇದೆ. ಹಕ್ಕಿಗಳು ಹೆಚ್ಚಿದವೇ? 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಮೆರಿಕ ಮತ್ತು ಕೆನಡಾದಲ್ಲಿ 1970ರಿಂದೀಚೆಗೆ ಹಕ್ಕಿಗಳ ಒಟ್ಟು ಸಂಖ್ಯೆ ಸುಮಾರು 290 ಕೋಟಿ ಇಳಿದಿದೆ. ಹತ್ತರಲ್ಲಿ ಹತ್ತಿರ ಹತ್ತಿರ ಮೂರು ಹಕ್ಕಿ ಹೋದವು ಎಂದಂತಾಯಿತು. ಹುಲ್ಲುಗಾವಲಿನ ಹಕ್ಕಿಗಳಂತೂ ಅರ್ಧಕ್ಕಿಂತ ಹೆಚ್ಚು ಹೋಗಿವೆ. ಕಾಫ್‌ಮನ್ ಬೆಳೆದ ಕಾನ್ಸಾಸಿನ ರಾಜ್ಯಪಕ್ಷಿ ವೆಸ್ಟರ್ನ್ ಮೆಡೊಲಾರ್ಕ್ ಕೂಡ ಹುಲ್ಲುಗಾವಲನ್ನೇ ನಂಬಿದ ಹಕ್ಕಿ. ಬಿಗ್ ಇಯರ್ ಪಟ್ಟಿಗೆ ಇದು ಕಾಣುವುದಿಲ್ಲ. ಬಯಲಲ್ಲಿ ಸಾವಿರ ಮೆಡೊಲಾರ್ಕ್ ಇದ್ದರೂ ಒಂದು ಗುರುತು, ಒಂದೇ ಉಳಿದಿದ್ದರೂ ಒಂದು ಗುರುತು. ನೆನಪಿಡಿ ಎಂದ ನಿಯಮ ಇದೇ.

ನಮ್ಮ ರಾಜ್ಯಪಕ್ಷಿ ನೀಲಕಂಠದ ಕತೆಯೂ ಬೇರೆಯಲ್ಲ. ಹೊಲದ ಬದುವಿನ ತಂತಿಯ ಮೇಲೆ ಸುಮ್ಮನೆ ಕೂತಿದ್ದು, ಹಾರಿದೊಡನೆ ನೀಲಿ ರೆಕ್ಕೆ ಬಿಚ್ಚುವ ಹಕ್ಕಿ. ಒಂದು ನೀಲಕಂಠ ಕಂಡರೂ ವರ್ಷದ ಪಟ್ಟಿಗೆ ಸಾಕು, ಹಾಗಾಗಿ ಅದು ಕಡಿಮೆಯಾದದ್ದು ಪಟ್ಟಿಯಲ್ಲಿ ತಿಳಿಯುವುದಿಲ್ಲ. ತಿಳಿದದ್ದು 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಿಂದ. ಇಳಿಮುಖವಾಗಿರುವ ಕಾರಣ ಅಂತರರಾಷ್ಟ್ರೀಯ ಮಟ್ಟದಲ್ಲಿ ಸ್ಥಿತಿಯನ್ನು ಮರುಪರಿಶೀಲಿಸಬೇಕು ಎಂದು ಆ ವರದಿ ಹೆಸರಿಸಿದ ಹಕ್ಕಿಗಳಲ್ಲಿ ನೀಲಕಂಠವೂ ಒಂದು. 942 ಜಾತಿಗಳ ಸ್ಥಿತಿಗತಿ ಅಳೆದ ಆ ವರದಿಗೆ ಬೆನ್ನೆಲುಬಾದವರು ಸುಮಾರು 30,000 ಹಕ್ಕಿವೀಕ್ಷಕರು. ಶಿಕ್ಷಕರು, ರೈತರು, ಬ್ಯಾಂಕಿನವರು, ವಿದ್ಯಾರ್ಥಿಗಳು, ಹೀಗೆ ಸಂಬಳವಿಲ್ಲದೆ ಬರೆದ ಜನ. ಹಕ್ಕಿ ಕಂಡದ್ದನ್ನು ಬರೆದಿಡುವ ಇ-ಬರ್ಡ್ ಎಂಬ ಜಾಲತಾಣದಲ್ಲಿ ಅವರು ದಾಖಲಿಸಿದ ಮೂರು ಕೋಟಿ ವೀಕ್ಷಣೆಗಳ ಮೇಲೆ ಆ ವರದಿ ನಿಂತಿದೆ.

ಆದ್ದರಿಂದ ವರ್ಷದ ಪಟ್ಟಿ ಬೇಡ ಎಂದು ನಾನು ಹೇಳುವುದಿಲ್ಲ. ಬೆಳಗಿನ ಜಾವಕ್ಕೆ ಎದ್ದು ಕೆರೆ ಏರಿಯ ಮೇಲೆ ನಿಲ್ಲುವ ಉಮೇದು ಅದರಿಂದಲೇ ಹುಟ್ಟುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿದಾಗ ಪಟ್ಟಿಗೆ ಒಂದು ಹೆಸರು ಸೇರಿತೆಂದು ಹಿಗ್ಗುವುದರಲ್ಲಿ ತಪ್ಪೇನಿಲ್ಲ. ಹಿಗ್ಗಿದ ಮೇಲೆ ಎಷ್ಟು ಹೆಬ್ಬಾತು ಎಂದೂ ಎಣಿಸಬೇಕು, ಅಷ್ಟೆ.

ಬರುವ ಜನವರಿ 1ಕ್ಕೆ ನಿಮ್ಮೂರಿನದೇ ಪಟ್ಟಿ ಶುರು ಮಾಡಿ. ಖಂಡ ಸುತ್ತಬೇಕಿಲ್ಲ, ಒಂದು ಕೆರೆ, ಒಂದು ತೋಟ, ಶಾಲೆಯ ಅಂಗಳ ಸಾಕು. ಮಡಿವಾಳ, ಗೊರವಂಕ, ಪಿಕಳಾರ, ಕೆಂಬೂತ, ಯಾವುದನ್ನೂ ದಿನಾ ಕಾಣುವುದೆಂದು ಬಿಡಬೇಡಿ. ಎಷ್ಟು ಹೊತ್ತು ನೋಡಿದಿರಿ, ಪ್ರತಿಯೊಂದೂ ಎಷ್ಟೆಷ್ಟು ಕಂಡವು ಎಂದು ಬರೆಯಿರಿ. ಇ-ಬರ್ಡ್ ಆ್ಯಪಿಗೆ ದುಡ್ಡು ಕೊಡಬೇಕಿಲ್ಲ. ನೀಲಕಂಠ ಕಾಣದ ದಿನದ ಪಟ್ಟಿಯನ್ನೂ ಕಳಿಸಿ, ಅದೂ ಲೆಕ್ಕಕ್ಕೆ ಬೇಕು.