ಪರರಾಜ್ಯದಲ್ಲಿ ಬಿಡಾರ: ಮನೆ ನೋಡಬೇಕಾದವರು ಯಾರು?

ತೆಂಗಿನ ಸೀಮೆಯ ರೈತನು ಒಂದು ಸಸಿಯನ್ನು ನೆಡುವುದಕ್ಕೆ ಮೊದಲು ಎಷ್ಟು ಆಲೋಚಿಸುತ್ತಾನೆಂಬುದನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಸುತ್ತ ಓಡಾಡಿದವರು ಬಲ್ಲರು. ನೆಲ ಎಂತಹುದು, ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟು ಇಳಿಯುವುದು, ನೆರೆಯವರ ಮರದ ನೆರಳು ಎಲ್ಲಿಯವರೆಗೆ ಬೀಳುವುದು—ಇವೆಲ್ಲದರ ವಿಚಾರವಾದ ಮೇಲೆಯೇ ಮೂರಡಿಯ ಗುಂಡಿ. ಆಮೇಲೆ ಮೊದಲ ಫಲಕ್ಕೆ ಆರೇಳು ವರ್ಷ ಕಾಯುವ ತಾಳ್ಮೆ. ಅದೇ ಮನೆಯ ಮಗನಿಗೆ ಹೊಸೂರಿನ ಕಾರ್ಖಾನೆಯಲ್ಲಿಯೋ ಮುಂಬಯಿಯ ಬ್ಯಾಂಕಿನಲ್ಲಿಯೋ ಕೆಲಸವಾಯಿತೆಂದರೆ ಎರಡು ಭಾನುವಾರಗಳ ತಿರುಗಾಟದಲ್ಲಿ ಮನೆ ಗೊತ್ತಾಗಿಬಿಡುತ್ತದೆ! ಗೊತ್ತು ಮಾಡುವವನು ಹಗಲೆಲ್ಲ ಕಚೇರಿಯಲ್ಲಿ ಕುಳಿತಿರುವ ಯಜಮಾನ. ಆ ಮನೆಯಲ್ಲಿ ಹಗಲೆಲ್ಲ ಇರಬೇಕಾದವರು ಅವನ ಹೆಂಡತಿ, ತಾಯಿ ಮತ್ತು ಮಕ್ಕಳು.

ಯಾವ ರಾಜ್ಯಕ್ಕೆ ಹೋಗಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಲ್ಲ. ಅನ್ನವು ಕರೆದ ಕಡೆಗೆ ಹೋಗಬೇಕು. ಆದರೆ ಯಾವ ಬೀದಿಯಲ್ಲಿ ಸಂಸಾರ ಹೂಡಬೇಕೆಂಬುದು ನಮ್ಮ ಕೈಯಲ್ಲಿದೆ. ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಹಳೆಯ ಮೈಸೂರಿನಿಂದ ಮುಂಬಯಿಗೆ ಹೋದ ಅನೇಕರು ಮಾಟುಂಗಾದ ಸುತ್ತ ನೆಲೆಸಿದ್ದು ಆಕಸ್ಮಿಕವಲ್ಲ. ಹತ್ತಿರದಲ್ಲಿ ರೈಲು ನಿಲ್ದಾಣ. ಬೀದಿಗಿಳಿದರೆ ಕಾಫಿಪುಡಿಯ ಅಂಗಡಿ, ಬಾಳೆಯೆಲೆ, ಹೂವು. ನಾಲ್ಕು ಹೆಜ್ಜೆಗೆ ದೇವಸ್ಥಾನ. 1926ರಲ್ಲಿ ಅಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ವಡಾಲದಲ್ಲಿ ಕನ್ನಡಿಗರದೇ ಶಾಲೆ ಬೆಳೆಯಿತು. ಬಾಡಿಗೆ ಏರಿದಂತೆ ಎಷ್ಟೋ ಸಂಸಾರಗಳು ಡೊಂಬಿವಲಿಯವರೆಗೂ ಸರಿದವು. ಅಲ್ಲಿಯೂ ಕನ್ನಡ ಸಂಘ ಕಟ್ಟಿಕೊಂಡವು. ದೆಹಲಿಯ ಲೋಧಿ ಎಸ್ಟೇಟಿನ ಕನ್ನಡ ಶಾಲೆ, ಹೈದರಾಬಾದಿನ ಕಾಚಿಗುಡದ ನೃಪತುಂಗ ಶಾಲೆ, ಚೆನ್ನೈನ ತ್ಯಾಗರಾಯನಗರದ ಕರ್ನಾಟಕ ಸಂಘ ಇವೆಲ್ಲ ಇಂಥ ವಿವೇಕದ ಫಲಗಳೇ.

ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರೆ ಈ ವಿಚಾರಕ್ಕೆ ಮತ್ತಷ್ಟು ತೂಕ. ಮಕ್ಕಳು ಆರು ತಿಂಗಳಲ್ಲಿ ಬೀದಿಯ ಭಾಷೆಯನ್ನು ಕಲಿತುಬಿಡುತ್ತವೆ. ಯಜಮಾನನಿಗೆ ಇಂಗ್ಲಿಷ್ ಇದೆ. ಆದರೆ ಶೆಟ್ಟಿಕೆರೆಯ ಜಗಲಿಯ ಮೇಲೆ ಕುಳಿತು ಹೋಗುವವರನ್ನೂ ಬರುವವರನ್ನೂ ಮಾತನಾಡಿಸಿದ ಅಜ್ಜಿಗೆ ಹನ್ನೆರಡನೆಯ ಅಂತಸ್ತಿನ ಮನೆಯೆಂದರೆ ಬಾಯಿಗೆ ಬೀಗ ಬಿದ್ದಂತೆಯೇ. ಅಂಥವರಿರುವ ಸಂಸಾರವು ಕಚೇರಿಗೆ ಅರ್ಧ ಗಂಟೆ ಹೆಚ್ಚು ಪ್ರಯಾಣವಾದರೂ ಸರಿ, ಕನ್ನಡದ ನಾಲ್ಕು ಮನೆಗಳಿರುವ ಬೀದಿಯನ್ನೇ ಹುಡುಕಬೇಕೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಪ್ರಯಾಣದ ಆಯಾಸ ಒಬ್ಬನದು. ಒಂಟಿತನ ಇಡೀ ಮನೆಯದು.

ಇನ್ನು ಮಕ್ಕಳ ಓದು. ಇಲ್ಲಿ ಅಕ್ಕರೆಗಿಂತ ಕಾನೂನಿನ ತಿಳಿವಳಿಕೆ ಮುಖ್ಯ. ಹಲವು ರಾಜ್ಯಗಳು ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿವೆ: ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ಅದಕ್ಕಾಗಿ ಶಾಸನ ಮಾಡಿದವು. ನಮ್ಮ ಕರ್ನಾಟಕವೂ 2015ರಲ್ಲಿ ಅದನ್ನೇ ಮಾಡಿದೆಯಾದ್ದರಿಂದ ಆಕ್ಷೇಪಿಸಲು ನಮಗೆ ಬಾಯಿಲ್ಲ. ಒಂದನೆಯ ತರಗತಿಯ ಮಗುವಿಗೆ ತಮಿಳಿನ ಅಕ್ಷರ ಆಟವಾಗುತ್ತದೆ. ಎಂಟನೆಯ ತರಗತಿಯ ಹುಡುಗನಿಗೆ ಅದು ಬೆಟ್ಟ. ಹೊಸೂರಿನಲ್ಲಿ ಮನೆಮಾತು ಕನ್ನಡವೋ ತೆಲುಗೋ ಆಗಿರುವವರು ಹೇರಳ, ಬೆಂಗಳೂರು ಕೇವಲ 40 ಕಿಲೋಮೀಟರು. ಹೀಗಾಗಿ ನಮ್ಮ ಊರೇ ಎಂಬ ಭ್ರಮೆ ಹುಟ್ಟುವುದು ಸಹಜ. ಬೀದಿಯಲ್ಲಿ ಕನ್ನಡ ಕೇಳಿಸಿದರೂ ಪರೀಕ್ಷೆಯ ಪತ್ರಿಕೆ ತಮಿಳುನಾಡಿನದೆಂಬುದನ್ನು ಮರೆಯಬಾರದು.

ಮುಂದಿನ ಸೀಟಿನ ಮಾತೂ ಉಂಟು. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮದಂತೆ ಇಲ್ಲಿ 7 ವರ್ಷ ಓದಿರಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿಯನ್ನಾಗಲಿ ದ್ವಿತೀಯ ಪಿಯುಸಿಯನ್ನಾಗಲಿ ಇಲ್ಲಿಯೇ ಮುಗಿಸಿರಬೇಕು. ಮಹಾರಾಷ್ಟ್ರದಲ್ಲಿ ವೈದ್ಯಕೀಯ ಸೀಟಿಗೆ 10 ಮತ್ತು 12, ಎರಡನ್ನೂ ಅಲ್ಲಿಯೇ ಓದಿರಬೇಕೆಂಬ ಕಟ್ಟಳೆ ಇದೆ. ವಿನಾಯಿತಿಗಳಿವೆ, ನಿಯಮಗಳೂ ಆಗಾಗ ತಿದ್ದುಪಡಿಯಾಗುತ್ತವೆ. ಹೊರಡುವ ವರ್ಷದ ಕೈಪಿಡಿಯನ್ನೇ ನೋಡಬೇಕು. ನಮ್ಮ ಎಣಿಕೆಯಲ್ಲಿ, ಹೋಗುವುದಾದರೆ ಮಗು ಐದನೆಯ ತರಗತಿಯನ್ನು ಮುಟ್ಟುವ ಮೊದಲೇ ಹೋಗಬೇಕು, ಇಲ್ಲವೇ ಎಸ್‌ಎಸ್‌ಎಲ್‌ಸಿಯ ತನಕ ತಡೆದು ಹೋಗಬೇಕು. ನಡುವೆ ಕಿತ್ತರೆ ಎರಡು ಕಡೆಯೂ ಬೇರು ಹಿಡಿಯದು. ಪರಿಶಿಷ್ಟ ಜಾತಿ, ಪಂಗಡಗಳ ಸಂಸಾರಗಳು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯೆಂದರೆ, ಇಲ್ಲಿಯ ಜಾತಿ ಪ್ರಮಾಣಪತ್ರವು ಆ ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 1990ರಲ್ಲಿಯೇ ಹಾಗೆ ತೀರ್ಪಿತ್ತಿದೆ. ಮಗಳ ಕಾಲೇಜು ಹತ್ತಿರ ಬಂದಿರುವಾಗ ಈ ಒಂದು ಅಂಶವೇ ಊರು ಬಿಡುವ ನಿರ್ಧಾರವನ್ನು ತಿರುಗಿಸಬಹುದು.

ನೀರಿನ ವಿಷಯದಲ್ಲಿ ನಮ್ಮ ಕಡೆಯವರು ಚತುರರೆಂದು ಹೆಸರು. ಪಟ್ಟಣದಲ್ಲಿ ಮಾತ್ರ ನಲ್ಲಿಯನ್ನು ತಿರುಗಿಸಿ ನೋಡಿ ತೃಪ್ತರಾಗುತ್ತಾರೆ! 2015ರ ಡಿಸೆಂಬರಿನಲ್ಲಿ ನೆರೆಯಿಂದ ಮುಳುಗಿದ ಚೆನ್ನೈಗೆ 2019ರ ಜುಲೈನಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಲ್ಲಿಯ ದೊಡ್ಡ ಮಳೆ ನಮ್ಮಂತೆ ಮುಂಗಾರಿನದಲ್ಲ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನದು. ಆದ್ದರಿಂದ ಮೇ ತಿಂಗಳಲ್ಲಿ ಮನೆ ನೋಡಿದವನಿಗೆ ಬೀದಿಯಲ್ಲಿ ನೀರು ನಿಲ್ಲುವುದು ತಿಳಿಯದು. ಡಿಸೆಂಬರಿನಲ್ಲಿ ನೋಡಿದವನಿಗೆ ಟ್ಯಾಂಕರಿನ ಖರ್ಚು ತಿಳಿಯದು. ಮನೆಯ ದಲ್ಲಾಳಿ ಇವೆರಡನ್ನೂ ಹೇಳುವುದಿಲ್ಲ. ಕೆಳಮನೆಯ ಗೃಹಿಣಿಯನ್ನು ನಮ್ಮ ಗೃಹಿಣಿಯೇ ಕೇಳಿದರೆ ಐದು ನಿಮಿಷದಲ್ಲಿ ಎರಡೂ ಹೊರಬೀಳುತ್ತವೆ.

ಕೊನೆಗೆ ತೋಟದ ಪ್ರಶ್ನೆ. ಫ್ಲ್ಯಾಟಿಗೆ ಹಣ ಸಾಲದೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಊರಿನ ಮರಗಳು. ನೋಡಿಕೊಳ್ಳುವವರಿಲ್ಲದ ತೋಟ ಭಾರವೆಂಬ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ ದಿನ ಬೆಳಗಾಗುವುದರಲ್ಲಿ ಆಗುವ ವಸ್ತುವಲ್ಲ. ಬಲಿತ ಕಾಯಿ ಸುಮಾರು ಒಂದು ವರ್ಷ ಅಟ್ಟದ ಮೇಲಿದ್ದು, ನೀರೆಲ್ಲ ಇಂಗಿ, ಒಳಗೆ ಗಿಟುಕು ಅಲುಗಾಡುವಂತಾಗಬೇಕು. ಮನೆಗೆ ಬೀಗ ಹಾಕಿ ಹೋದವರಿಗೆ ಅದು ದಕ್ಕದು. ಹಾಗೆಂದು ಮಾರಿಬಿಡಬೇಕೆ? ಮರ ಇಟ್ಟುಕೊಂಡು ಕಾಯಿಯನ್ನು ಗುತ್ತಿಗೆಗೆ ಕೊಡಬಹುದು. ತೋಟವನ್ನು ನಂಬಿಕಸ್ಥರಿಗೆ ವಹಿಸಬಹುದು. ಆದಾಯ ಕುಗ್ಗುವುದು ನಿಜ. ಆದರೆ ಒಮ್ಮೆ ಮಾರಿದ ತೋಟವನ್ನು ಸಂಬಳದ ಉಳಿತಾಯದಿಂದ ಮತ್ತೆ ಕೊಂಡವರನ್ನು ನಾವು ಹೆಚ್ಚಾಗಿ ಕಂಡಿಲ್ಲ. ತಿಪಟೂರು ರೈಲಿನ ಊರು. ಪಕ್ಕದಲ್ಲಿಯೇ ಅರಸೀಕೆರೆ ಜಂಕ್ಷನ್ನು. ಎರಡು ತಿಂಗಳಿಗೊಮ್ಮೆ ಬಂದು ಹೋಗಲು ಆಗುವಷ್ಟು ದೂರವೇ ಎಂಬುದನ್ನೂ ಊರನ್ನು ಆರಿಸುವಾಗ ಲೆಕ್ಕಕ್ಕೆ ಹಿಡಿಯಬೇಕು.

ಹೀಗಿರುವಾಗ ಮೊದಲ ವರ್ಷ ಬಾಡಿಗೆ ಮನೆಯೇ ಲೇಸು. ಕರಾರು ಹೇಗೂ ರೂಢಿಯಂತೆ 11 ತಿಂಗಳಿನದು. ಊರಿನಿಂದ ಒಯ್ದ ಕಾರಿನ ಮರುನೋಂದಣಿಗೂ ಮೋಟಾರು ವಾಹನ ಕಾಯಿದೆ 12 ತಿಂಗಳ ಅವಕಾಶ ಕೊಟ್ಟಿದೆ. ಅಷ್ಟರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ, ಮಗುವಿನ ಒಂದು ವಾರ್ಷಿಕ ಪರೀಕ್ಷೆ, ಅಜ್ಜಿಯ ಒಂದು ಯುಗಾದಿ ಆ ಬೀದಿಯಲ್ಲಿ ಕಳೆದಿರುತ್ತವೆ. ಆಗ ಊಟವಾದ ಮೇಲೆ ಯಜಮಾನರು ಎಲ್ಲರನ್ನೂ ಕೂಡಿಸಿಕೊಂಡು ಕೇಳಲಿ, ಮೊದಲು ಅಜ್ಜಿಯನ್ನು.