ಕನ್ನಡಿಯ ಚೌಕಟ್ಟು

ಕನ್ನಡಿಯಿಲ್ಲದ ಮನೆ ಅಪರೂಪ. ಹೊರಗೆ ಹೊರಡುವ ಮುನ್ನ ಅದರಲ್ಲಿ ಒಮ್ಮೆ ಮುಖ ನೋಡಿಕೊಳ್ಳದವರೂ ಅಪರೂಪ. ಈ ರೂಢಿ ಬಹಳ ಹಳೆಯದು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದರ್ಪಣ ಹಿಡಿದು ನಿಂತ ಸುಂದರಿಯ ಶಿಲ್ಪವು ಇಂದಿಗೂ ನೋಡುಗರ ಮನಸೆಳೆಯುತ್ತದೆ. ಅಂದಿನ ಕನ್ನಡಿಗಳು ಉಜ್ಜಿ ಉಜ್ಜಿ ನುಣುಪು ಮಾಡಿದ ಲೋಹದ ಬಿಲ್ಲೆಗಳು. ಕೇರಳದ ಆರನ್ಮುಳದಲ್ಲಿ ಅಂತಹ ಲೋಹದ ಕನ್ನಡಿಗಳನ್ನು ಈಗಲೂ ತಯಾರಿಸುತ್ತಾರೆ.

ಇಂದಿನ ಕನ್ನಡಿಯು ಗಾಜಿನದೆಂದು ತೋರಿದರೂ ಅದರಲ್ಲಿ ಬಿಂಬವನ್ನು ಮೂಡಿಸುವುದು ಲೋಹವೇ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳುಲೇಪವನ್ನು ಕೂಡಿಸುವ ವಿಧಾನವನ್ನು ಕಂಡುಹಿಡಿದನು. ಗಾಜಿನ ಹಿಂಬದಿಯ ಆ ಲೇಪವು ಸಮತಟ್ಟಾಗಿರುವುದರಿಂದ ಬೆಳಕು ಕ್ರಮಬದ್ಧವಾಗಿ ಪ್ರತಿಫಲಿಸಿ ಮುಖವು ಸ್ಪಷ್ಟವಾಗಿ ಕಾಣುತ್ತದೆ. ಅದೇ ಲೋಹದಲ್ಲಿ ಉಬ್ಬುತಗ್ಗುಗಳಿದ್ದರೆ ಬೆಳಕು ನಾನಾ ದಿಕ್ಕುಗಳಿಗೆ ಹರಿಯುತ್ತದೆ. ಆಗ ಬಿಂಬವು ಮೂಡದು. ಬದಲಿಗೆ ಉಬ್ಬು ಮಿನುಗುತ್ತದೆ, ತಗ್ಗು ಮಂಕಾಗುತ್ತದೆ. ಈ ನೆಳಲು ಬೆಳಕಿನ ಆಟವೇ ಲೋಹದ ಅಲಂಕಾರದ ಮೂಲ.

ಈ ಗುಟ್ಟನ್ನು ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಚೆನ್ನಾಗಿ ಅರಿತಿದ್ದರು. ಅವರು ಬಿಳಿಯ ಪುಡಿಯನ್ನು ಅಂಟಿನೊಡನೆ ನುಣ್ಣಗೆ ಅರೆದು, ದೇವತೆಯ ಕಿರೀಟ, ಆಭರಣ, ಸಿಂಹಾಸನಗಳ ಗೆರೆಗಳನ್ನು ಅದರಿಂದ ಕೊಂಚ ಉಬ್ಬಿಸುತ್ತಿದ್ದರು. ಅದರ ಮೇಲೆ ಚಿನ್ನದ ರೇಕನ್ನು ಹಚ್ಚುತ್ತಿದ್ದರು. ಈ ಕಲೆಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಆಶ್ರಯವಿತ್ತರು. 1868ರಲ್ಲಿ ಅವರು ತೀರಿಕೊಂಡ ಬಳಿಕ ಚಿತ್ರಕಾರರು ಚದುರಿಹೋದರು. ಆದರೂ ಕೆಲವು ಕೈಗಳು ವಿದ್ಯೆಯನ್ನು ಉಳಿಸಿಕೊಂಡುದರಿಂದ ಅದು ನಮ್ಮ ಕಾಲದವರೆಗೂ ಬಂದಿದೆ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರೂ ಮರದ ಬೊಂಬೆಗಳ ಒಡವೆಗಳನ್ನು ಕಲ್ಲುಪುಡಿ ಮತ್ತು ಅಂಟಿನ ಮಿಶ್ರಣದಿಂದಲೇ ಉಬ್ಬಿಸುತ್ತಾರೆ.

ಇಂತಹ ಅಲಂಕಾರಕ್ಕೆ ಅರಮನೆಯ ಆಶ್ರಯವಾಗಲಿ ಚಿನ್ನವಾಗಲಿ ಬೇಕೇಬೇಕೆಂದಿಲ್ಲ. ಬೆಂಗಳೂರಿನ ದಕ್ಷಿಣಕ್ಕಿರುವ ಸುಬ್ರಹ್ಮಣ್ಯಪುರದ ಯಾವುದೋ ಒಂದು ಸಾಧಾರಣ ಮನೆಯ ಗೋಡೆಯಲ್ಲಿ ಸಾದಾ ಮರದ ಚೌಕಟ್ಟಿನ ಕನ್ನಡಿಯೊಂದು ತೂಗುತ್ತಿದೆಯೆಂದು ಭಾವಿಸಬಹುದು. ಅದನ್ನು ಅಲಂಕರಿಸಲು ಸುಮಾರು 0.1 ಮಿಲಿಮೀಟರು ದಪ್ಪದ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಹಾಳೆ, ಶಾಯಿ ತೀರಿದ ಬಾಲ್‌ಪೆನ್ನು, ಕೆಲವು ಹಳೆಯ ಪತ್ರಿಕೆಗಳು, ಒಂದೆರಡು ಬಗೆಯ ಶಾಯಿ, ಇಷ್ಟಿದ್ದರೆ ಸಾಕು.

ಮೊದಲು ಚೌಕಟ್ಟಿನ ಅಳತೆಗೆ ಸರಿಯಾಗಿ ಹಾಳೆಯನ್ನು ಕತ್ತರಿಸಬೇಕು. ಲೋಹದ ಅಂಚು ಕೈಯನ್ನು ಕೊಯ್ಯುವುದರಿಂದ ಅದನ್ನು ಹಿಂದಕ್ಕೆ ಮಡಿಸುವುದು ಒಳ್ಳೆಯದು. ಬಳಿಕ ಹಾಳೆಯನ್ನು ಪತ್ರಿಕೆಗಳ ಮೆತ್ತೆಯ ಮೇಲೆ ಬೋರಲಾಗಿ ಇಟ್ಟು, ಬಳ್ಳಿಯನ್ನೋ ಅಂಗಳದ ಎಳೆ ರಂಗೋಲಿಯನ್ನೋ ಪೆನ್ನಿನ ಮೊನೆಯಿಂದ ಹಿಂಬದಿಯಲ್ಲಿ ಒತ್ತುತ್ತ ಬರೆಯಬೇಕು. ಹಿಂದೆ ತಗ್ಗಾದುದು ಮುಂದೆ ಉಬ್ಬಾಗುತ್ತದೆ, ಎಡವು ಬಲವಾಗುತ್ತದೆ. ಆದುದರಿಂದ ಅಕ್ಷರಗಳನ್ನು ಮೂಡಿಸಬೇಕಾದರೆ ಅವನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯಬೇಕು!

ಒತ್ತಿದ ಗುರುತು ಹಾಗೆಯೇ ಉಳಿಯುವುದೇಕೆ? ರಬ್ಬರನ್ನು ಒತ್ತಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ. ಲೋಹದಲ್ಲಾದರೋ ಒತ್ತಡವು ಮಿತಿ ಮೀರಿದಾಗ ಪರಮಾಣುಗಳ ಪದರಗಳು ಜಾರಿ ಹೊಸ ನೆಲೆಯಲ್ಲಿ ನಿಲ್ಲುತ್ತವೆ. ಆದರೆ ಒಂದೇ ಜಾಗವನ್ನು ಮತ್ತೆ ಮತ್ತೆ ತಿಕ್ಕಿದರೆ ಲೋಹವು ಗಡುಸಾಗಿ ಕೊನೆಗೆ ಹರಿಯುತ್ತದೆ. ಕಾಗದದ ಮೇಲಿನ ಗೆರೆಯನ್ನು ಅಳಿಸಬಹುದು. ಹರಿದ ಹಾಳೆಯನ್ನು ಮೊದಲಿನಂತೆ ಮಾಡಲಾಗದು. ಆದಕಾರಣ ಹಗುರವಾಗಿ, ಸ್ವಲ್ಪಸ್ವಲ್ಪವಾಗಿ ಒತ್ತುವುದೇ ಇಲ್ಲಿ ಜಾಣತನ. ಕೆಲಸ ಮುಗಿದ ಮೇಲೆ ಹಿಂಬದಿಯ ಕುಳಿಗಳಿಗೆ ಮೇಣವನ್ನೋ ಅಂಟಿನ ಲೇಪವನ್ನೋ ತುಂಬಿದರೆ ಬೆರಳು ತಾಕಿದರೂ ಉಬ್ಬು ಕುಸಿಯುವುದಿಲ್ಲ. ಮೈಸೂರಿನ ಚಿತ್ರದಲ್ಲಿ ಲೇಪ ಮೊದಲು, ರೇಕು ಆಮೇಲೆ. ಇಲ್ಲಿ ಹಾಳೆ ಮೊದಲು, ಲೇಪ ಆಮೇಲೆ. ಕ್ರಮ ಬೇರೆಯಾದರೂ ತತ್ತ್ವ ಒಂದೇ.

ಇನ್ನು ಶಾಯಿಯ ಕೆಲಸ. ಲೋಹವು ಕಾಗದದಂತೆ ನೀರನ್ನು ಹೀರದು. ನೀರಿನ ಶಾಯಿ ಅದರ ಮೇಲೆ ಹನಿಗಟ್ಟುತ್ತದೆ. ಆದ್ದರಿಂದ ಸ್ಪಿರಿಟ್ಟಿನಲ್ಲಿ ಕರಗಿಸಿದ ಶಾಯಿ ಉತ್ತಮ. ಕಪ್ಪು ಶಾಯಿಯನ್ನು ಹಾಳೆಯ ಮುಖದ ಮೇಲೆಲ್ಲ ಬಳಿದು, ಒಣಗುವ ಮುನ್ನ ಬಟ್ಟೆಯಿಂದ ಮೆಲ್ಲನೆ ಒರೆಸಬೇಕು. ಉಬ್ಬಿನ ಮೇಲಿನದು ಅಳಿಸಿಹೋಗಿ ತಗ್ಗಿನಲ್ಲಿರುವುದು ನಿಲ್ಲುತ್ತದೆ. ಆಗ ಅಲ್ಲಿಯವರೆಗೆ ಅಸ್ಪಷ್ಟವಾಗಿದ್ದ ಬಳ್ಳಿಯು ಎದ್ದುಬರುತ್ತದೆ. ಎಲೆ ಹೂಗಳಿಗೆ ಪಾರದರ್ಶಕವಾದ ಬಣ್ಣದ ಶಾಯಿಯನ್ನು ತೆಳುವಾಗಿ ಹಚ್ಚಿದರೆ ಒಳಗಿನ ಲೋಹದ ಹೊಳಪು ಬಣ್ಣದೊಳಗಿಂದ ಕಾಣುತ್ತದೆ. ಇವೆಲ್ಲವನ್ನೂ ಮುಗಿಸಿದ ಬಳಿಕವೇ ಹಾಳೆಯನ್ನು ಚೌಕಟ್ಟಿಗೆ ಅಂಟಿಸಬೇಕು. ಏಕೆಂದರೆ ತೇವವೂ ದ್ರಾವಕಗಳೂ ಕನ್ನಡಿಯ ಹಿಂಬದಿಯ ಲೇಪವನ್ನು ಕೆಡಿಸಬಲ್ಲವು.

ಚೌಕಟ್ಟು ಎಷ್ಟೇ ಚೆಲುವಾದರೂ ಅದು ಕನ್ನಡಿಗಾಗಿ ಇರುವುದು. ನೋಡುವವನ ಕಣ್ಣು ಬಳ್ಳಿಯಲ್ಲಿಯೇ ಸಿಕ್ಕಿಕೊಂಡು ಮುಖವನ್ನು ಮರೆತರೆ ಅಲಂಕಾರವು ಅತಿಯಾಯಿತೆಂದೇ ಅರ್ಥ. ನಡುವೆ ನುಣುಪಾದ ಲೋಹ, ಸುತ್ತಲೂ ಉಬ್ಬುತಗ್ಗಾದ ಲೋಹ. ಒಂದು ಮುಖವನ್ನು ತೋರಿಸುತ್ತದೆ, ಇನ್ನೊಂದು ಅದನ್ನು ಮಾಡಿದ ಕೈಯ ತಾಳ್ಮೆಯನ್ನು ತೋರಿಸುತ್ತದೆ.